ಕಾಕು ಓದ್ಲಾಕ ಕುಂತಾಳ

ನಮ್ಮ ಕಾಕು ಒಮ್ಮೆ ಮಳೆ ತರಿಸಿದ್ದಳು ಎಂದು ಸಂತಪುರದಲ್ಲಿ ಇವತ್ತಿಗೂ ನಂಬುವ ನಾಲ್ಕಾರು ಜನ ಇದ್ದಾರೆ. ಆ ದಿನ ನಾನು ಅಲ್ಲೇ ಇದ್ದೆ. ಮಳೆ ತರಿಸುವುದು ಹಾಗಿರಲಿ, ಆಗ ಆಕೆಗೆ ಒಂದು ವರ್ಗ ಸಮೀಕರಣ ಬಿಡಿಸುವುದೂ ಬರುತ್ತಿರಲಿಲ್ಲ! ಆದರೆ ಭಕ್ತರ ಎದುರು ನಿಂತು ಸಾಕ್ಷಿ ಹೇಳಲು ಯಾರಿಗೆ ಧೈರ್ಯ ಬರುತ್ತದೆ ಹೇಳಿ? ಬಾಯಿ ಮುಚ್ಚಿಕೊಂಡಿದ್ದೆ. ಈಗ ಕಾಕುವೇ "ಬರಿ, ಬರಿ, ನಂದೇನ್ ಗಂಟು ಹೋಗ್ತದ" ಎಂದು ಅಪ್ಪಣೆ ಕೊಟ್ಟಿದ್ದಾಳೆ. ಹೆಸರು ಮಾತ್ರ ಹಾಕಬಾರದಂತೆ. ಹಾಕುವುದಿಲ್ಲ.

ಕಾಕು ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ತವರು ಭಾಲ್ಕಿ. ಒಂಬತ್ತನೇ ಇಯತ್ತೆ ಮುಗಿಸಿ ಹತ್ತನೆಯದಕ್ಕೆ ಹೆಸರು ಹಚ್ಚಬೇಕು ಅನ್ನುವಷ್ಟರಲ್ಲಿ ಮದುವೆ ಗೊತ್ತಾಯಿತು. "ಹತ್ತನೇದು ನಮ್ಮಲ್ಲೇ ಓದ್ತಾಳ ಬಿಡ್ರಿ" ಎಂದು ನಮ್ಮ ಕಡೆಯವರು ಮಾತು ಕೊಟ್ಟರು. ಬೀಗರು ಕೊಟ್ಟ ಮಾತಿನ ಆಯುಷ್ಯ ನಿಮಗೆ ಗೊತ್ತೇ ಇದೆ, ಅಕ್ಷತೆ ಬೀಳುವ ತನಕ. ಆಮೇಲೆ ರೊಟ್ಟಿ, ದನ, ಹೊಲ, ಒಬ್ಬ ಮಗಳು. ಆ ಮಗಳು ಬೀದರದ ನಮ್ಮ ಮನೆಯಲ್ಲಿದ್ದು ಶಾಲೆಗೆ ಹೋಗುವಷ್ಟು ದೊಡ್ಡವಳಾದಳು. ಕಾಕುವಿನ ಹತ್ತನೆಯದು ಇದ್ದಲ್ಲೇ ಇತ್ತು.

ಆಗ ಬಂದವು ಮಳೆ ಕೈಕೊಟ್ಟ ವರ್ಷಗಳು. ಔರಾದ ತಾಲೂಕಿನ ಅರ್ಧ ಜನ ಪುಣೆ, ಹೈದರಾಬಾದು ಎಂದು ಗಂಟುಮೂಟೆ ಕಟ್ಟಿದರು. ನಮ್ಮ ಕಾಕಾ ಪುಣೆಯಲ್ಲೊಂದು ದೊಡ್ಡ ಕಟ್ಟಡದ ಗೇಟಿಗೆ ವಾಚ್‌ಮನ್ ಆದ. ಫೋನಿನಲ್ಲಿ ಅವನದು ಒಂದೇ ರಾಗ: "ಮನಿಗಿ ಕೀಲಿ ಹಾಕು, ಅವ್ವಗ ಕರಕೊಂಡು ಇಲ್ಲೇ ಬಂದುಬಿಡು." ಕಾಕುವಿನದೂ ಒಂದೇ ರಾಗ: "ನಾ ಬರಲ್ಲ, ನೀವೇ ಬರ್ರಿ."

ಅದು ಬರೀ ಹಟವಲ್ಲ, ಆಕೆಯ ತಲೆಯಲ್ಲೊಂದು ಲೆಕ್ಕವಿತ್ತು. ಊರಿನ ಅಂಗನವಾಡಿ ಟೀಚರಮ್ಮ ಸದ್ಯದಲ್ಲೇ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಅದೇ ಊರಿನ, ಹತ್ತನೆಯದು ಪಾಸಾದ ಹೆಣ್ಣುಮಗಳು ಬೇಕು. ಕಾಕುವಿನ ಪಗಾರವೊಂದು ಸೇರಿದರೆ ಕಾಕಾ ಪುಣೆ ಬಿಟ್ಟು ಬೀದರದ ಮಗ್ಗುಲಿನ ಕೊಳಾರದಲ್ಲಿ ಯಾವುದಾದರೂ ಗೋಡೌನಿನ ಕೆಲಸ ಹಿಡಿಯಬಹುದು. ಕೈಗೆ ಕಡಿಮೆ ಬಂದರೂ ದಿನಾ ಸಂಜೆ ಬಸ್ಸಿಗೆ ಮನೆಗೆ ಬರಬಹುದು. ಆದರೆ ಆ ಕೆಲಸಕ್ಕೆ ವಯಸ್ಸಿನ ಗಡಿಯೊಂದಿತ್ತು, ಕಾಕು ಅದರ ಅಂಚಿಗೆ ಬಂದು ನಿಂತಿದ್ದಳು. ಬರುವ ಮಾರ್ಚ್ ತಿಂಗಳ ಪರೀಕ್ಷೆಯೇ ಆಕೆಗೆ ಮೊದಲನೆಯದು, ಅದೇ ಕೊನೆಯದು. ಪಾಸಾದರೆ ಕಾಕಾ ಊರಿಗೆ, ನಪಾಸಾದರೆ ಕಾಕು ಪುಣೆಗೆ.

ನಾನು ಬೀದರದಲ್ಲಿ ಬಿಎಸ್ಸಿ ಓದುತ್ತಿದ್ದೆ. ಭಾನುವಾರ ಬಸ್ಸು ಹತ್ತಿ ಸಂತಪುರಕ್ಕೆ ಹೋಗಿ ಗಣಿತ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕಾಕು ನನ್ನನ್ನು "ಬಾಯಿ" ಎಂದು ಕರೆಯತೊಡಗಿದಳು. ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಹಾಗೆ ಕರೆಯುವುದು. ನನಗೆ ಹೆಮ್ಮೆಯಾಗಿದ್ದು ಸುಳ್ಳಲ್ಲ. ಆದರೆ ವಿದ್ಯಾರ್ಥಿನಿಯ ಗಮನ ಮಾತ್ರ ನಮ್ಮೂರ ಕರೆಂಟಿನ ಹಾಗೆ, ಬಂತು ಅನ್ನುವಷ್ಟರಲ್ಲಿ ಹೋಗುತ್ತಿತ್ತು. "ಎಕ್ಸ್ ಅಂದರೆ ಗೊತ್ತಿಲ್ಲದ ಸಂಖ್ಯೆ" ಎಂದು ನಾನು ಶುರು ಮಾಡಿದರೆ, ಹೊರಗೆ ಯಾರದೋ ಎಮ್ಮೆ ಕೂಗುತ್ತಿತ್ತು. "ಶರಣಮ್ಮನ ಎಮ್ಮಿ ಅದು. ಇವತ್ತ ನೀರು ಕುಡಿಸಿಲ್ಲ ಕಾಣ್ತದ" ಎಂದು ಕಾಕು ಏಳುತ್ತಿದ್ದಳು. ಎಕ್ಸ್ ಗೊತ್ತಿಲ್ಲದೆಯೇ ಉಳಿಯುತ್ತಿತ್ತು.

ಈ ಶರಣಮ್ಮ ಎದುರು ಮನೆಯವಳು. ದಿನಕ್ಕೆ ಎಷ್ಟು ಸಲ ಬರುತ್ತಿದ್ದಳೋ ಆ ಶಿವನೇ ಎಣಿಸಬೇಕು. ಬಂದಾಗಲೆಲ್ಲ "ಕುಂದ್ರಲ್ಲವ್ವಾ, ಭಾಳ ಕೆಲಸ ಅದ" ಎಂದೇ ಕೂರುತ್ತಿದ್ದಳು. ಒಳಗೆ ನಮ್ಮ ಅಜ್ಜಿ, ಅಂದರೆ ಕಾಕುವಿನ ಅತ್ತೆ. ನಾವು ಆಯಿ ಅನ್ನುತ್ತೇವೆ. ಆಯಿಯ ಬಾಯಿಗೆ ಬೀಗ ಮಾಡುವ ಕಮ್ಮಾರ ಇನ್ನೂ ಹುಟ್ಟಿಲ್ಲ. ಇವರಿಬ್ಬರ ನಡುವೆ ಕೂತು ಓದುವುದೆಂದರೆ ಸಂತೆಯಲ್ಲಿ ಕೂತು ಜಪ ಮಾಡಿದಂತೆ. "ಬಾಗಿಲು ಹಾಕಿಕೊಂಡು ಓದು" ಎಂದು ನಾನು ಬುದ್ಧಿ ಹೇಳಿದೆ. ಕಾಕು ನನ್ನನ್ನು ಕನಿಕರದಿಂದ ನೋಡಿದಳು.

"ಹಗಲೊತ್ತಿನ್ಯಾಗ ಬಾಗಲಾ ಹಾಕಿದ್ರ ಯಾರು ಸತ್ರು ಅಂತ ಕೇಳ್ಲಾಕ ಬರ್ತಾರ, ಬಾಯಿ."

ಬಾಗಿಲು ಹಾಕುವಂತಿಲ್ಲ, ತೆರೆದಿಡುವಂತಿಲ್ಲ. ಕಾಕು ನಡುವಿನ ದಾರಿ ಹುಡುಕಿದಳು. ಆಷಾಢದಲ್ಲಿ ಆಯಿ ಕಣ್ಣು ತೋರಿಸಲು ಬೀದರಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿದಿದ್ದಳು. ಅದೇ ಸಮಯ ಸಾಧಿಸಿ ಕಾಕು ತಲಬಾಗಿಲಿಗೆ ಹೊರಗಿನಿಂದ ಕೀಲಿ ಜಡಿದಳು. ಹಿಂದಿನ ಓಣಿಯಿಂದ ಸುತ್ತು ಹಾಕಿ, ಸೀರೆ ಕಚ್ಚೆ ಕಟ್ಟಿ, ಹಿತ್ತಲ ಗೋಡೆ ಹತ್ತಿ ಒಳಗೆ ಧುಮುಕಿದಳು. ಫೋನು ಬಂದ್ ಮಾಡಿ ಜೋಳದ ಕಣಜದಲ್ಲಿ ಹೂತಳು. ಆಹಾ, ಎಂಥ ಶಾಂತಿ! ವಿಜ್ಞಾನದ ಒಂದಿಡೀ ಪಾಠ ಒಂದೇ ಪಟ್ಟಿಗೆ ಮುಗಿಯಿತಂತೆ.

ಆದರೆ ಆ ವರ್ಷಗಳಲ್ಲಿ ನಮ್ಮ ಕಡೆ ಬಾಗಿಲ ಮೇಲೆ ಕೀಲಿ ಕಂಡರೆ ಅದಕ್ಕೆ ಒಂದೇ ಅರ್ಥ. ಶರಣಮ್ಮ ಕೀಲಿ ನೋಡಿದಳು, ಎದೆ ಬಡಿದುಕೊಂಡಳು. "ಒಂದು ಮಾತು ಹೇಳ್ದೆ ಪುಣೆಕ್ಕ ಹೋದಳಲ್ಲವ್ವಾ!" ಎಂದು ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಅಷ್ಟಕ್ಕೇ ಬಿಟ್ಟಳೇ? ಕಾಕಾನಿಗೂ ಫೋನು ಹಚ್ಚಿದಳು. ಕಾಕಾ ಕಾಕುವಿಗೆ ಹಚ್ಚಿದ, ಫೋನು ಬಂದ್. ಅಂದ ಮೇಲೆ ಬಸ್ಸಿನಲ್ಲೇ ಇದ್ದಾಳೆ ಎಂದು ಅವನ ಲೆಕ್ಕ. ಮರುದಿನ ಬೆಳಗ್ಗೆ ಡ್ಯೂಟಿಗೆ ರಜಾ ಹಾಕಿ, ಗಡ್ಡ ಹೆರೆಸಿ, ಇಸ್ತ್ರಿ ಅಂಗಿ ತೊಟ್ಟು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತ. ಬೀದರದ ಬಸ್ಸುಗಳು ಒಂದೊಂದಾಗಿ ಬಂದವು, ಜನ ಇಳಿದರು, ಕಾಕು ಇಳಿಯಲಿಲ್ಲ. ಕಾಯುತ್ತ ಕಾಯುತ್ತ ಊಟದ ಹೊತ್ತಾಯಿತು. ಕಡೆಗೆ ಗಾಬರಿಯಾಗಿ ಬೀದರಕ್ಕೆ, ನಮ್ಮ ಮನೆಗೆ ಫೋನು ಮಾಡಿದ.

ನಾನು ಆಯಿಯನ್ನು ಕರೆದುಕೊಂಡು ಸಂತಪುರಕ್ಕೆ ಓಡಿದೆ. ನೋಡಿದರೆ ಮನೆಯ ಕಟ್ಟೆಯ ಮೇಲೆ ಶರಣಮ್ಮನ ಶ್ಯಾವಿಗೆ ಒಣಗುತ್ತಿದೆ, ಅಂಗಳದ ಗೂಟಕ್ಕೆ ಆಕೆಯ ಎಮ್ಮೆ ಕಟ್ಟಿದೆ, ಒಳಗಿನಿಂದ ಸಣ್ಣಗೆ "ದ್ಯುತಿಸಂಶ್ಲೇಷಣೆ, ದ್ಯುತಿಸಂಶ್ಲೇಷಣೆ" ಎಂಬ ದನಿ ಬರುತ್ತಿದೆ. ಆಯಿ ಕಿಟಕಿಗೆ ಬಾಯಿ ಹಚ್ಚಿ ಕೂಗಿದಳು.

"ಏ ಸೊಸೀ, ನೀ ಎಲ್ಲಿದ್ದೀ?"

"ಒಳಗ ಇದ್ದೀನಿ ಅತ್ತಿ."

"ಅಲ್ಲಿ ನನ್ನ ಮಗ ಮುಂಜಾನಿಂದ ನಿನ್ನ ಹಾದಿ ನೋಡ್ಲಕತ್ಯಾನ, ನೀ ಇಲ್ಲಿ ಏನ್ ಮಾಡ್ಲಕತ್ತೀ?"

"ಅವರ ಹಾದಿ ನೋಡೋದು ತಪ್ಪಲಿ ಅಂತನೇ ಓದ್ಲಕತ್ತೀನಿ."

ಆಯಿ ಕಿಟಕಿಯೊಳಗೆ ಕೈ ಚಾಚಿ ಕೀಲಿಕೈ ಇಸಿದುಕೊಂಡಳು. ಕೀಲಿ ತೆಗೆದು ಎಮ್ಮೆ ಬಿಚ್ಚಿದೆವು. ಶರಣಮ್ಮ ಶ್ಯಾವಿಗೆ ಎತ್ತಿಕೊಂಡು ಹೋಗುವಾಗ, ಕಾಕು ಪುಣೆಗೆ ಹೋಗದೇ ಇದ್ದದ್ದು ತನಗೆ ಮಾಡಿದ ಮೋಸ ಎಂಬಂತೆ ಮುಖ ಊದಿಸಿಕೊಂಡಿದ್ದಳು.

ನಾಗರಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. "ಭಾಲ್ಕ್ಯಾಗ ನನಗ ಯಾರೂ ಕೆಲಸ ಹೇಳಲ್ಲ, ಅಲ್ಲೇ ಕುಂತು ಪಾಠ ಮುಗಿಸ್ಕೊಂಡು ಬರ್ತೇನಿ" ಎಂದು ಕಾಕು ಪುಸ್ತಕದ ಗಂಟು ಹೊತ್ತು ಹೋದಳು. ಕೆಲಸವನ್ನೇನೋ ಯಾರೂ ಹೇಳಲಿಲ್ಲ. ಆದರೆ ಅಣ್ಣ ತಮ್ಮಂದಿರ ಹೆಂಡಂದಿರು ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ಉಂಡಿ ಕಟ್ಟಿದ್ದರು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ. ಒಬ್ಬಳದು ತಿಂದು ಇನ್ನೊಬ್ಬಳದು ಬಿಟ್ಟರೆ ಮನೆಯಲ್ಲಿ ಜಗಳ ಹತ್ತುತ್ತದೆ. ತಾಯಿ ತಲೆಗೆ ಎಣ್ಣೆ ತಿಕ್ಕಿದಳು. ತಾಯಿ ಕೈ ತಲೆಗೆ ಬಿದ್ದರೆ ಯಾವ ಹೆಣ್ಣುಮಗಳಿಗೆ ಎಚ್ಚರ ಉಳಿದೀತು? ಹಬ್ಬ ಮುಗಿಸಿ ಬಂದವಳನ್ನು ನಾನು ಬಾಯಿಯ ಗತ್ತಿನಲ್ಲಿ ಕೇಳಿದೆ: "ಜೀರ್ಣಾಂಗದ ಪಾಠ ಓದಿದಿ?"

"ಪಾಠ ಓದ್ಲಿಲ್ಲ. ಪ್ರಾಕ್ಟಿಕಲ್ ಮುಗಿಸ್ಕೊಂಡು ಬಂದೀನಿ" ಎಂದು ಕಾಕು ಹೊಟ್ಟೆಯ ಮೇಲೆ ಕೈಯಾಡಿಸಿದಳು.

ಶ್ರಾವಣದ ಉಳಿದ ದಿನಗಳಿಗೆ ಆಕೆ ಹೂಡಿದ ಉಪಾಯವೇ ಮಳೆಯ ಕಥೆ. ನಮ್ಮದು ಲಿಂಗವಂತರ ಮನೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ. ಶ್ರಾವಣದಲ್ಲಿ ಮೌನ ಹಿಡಿದು ಅನುಷ್ಠಾನಕ್ಕೆ ಕೂತರಂತೂ ಅವರ ಹತ್ತಿರ ನೊಣವೂ ಹಾಯುವುದಿಲ್ಲ. ಕಾಕು ಅನುಷ್ಠಾನಕ್ಕೆ ಕೂತಳು. ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ, ಅದರ ಕೆಳಗೆ ನೆಲದ ಮೇಲೆ ಬಿಚ್ಚಿಟ್ಟ ಗಣಿತದ ಪುಸ್ತಕ. ದೂರದಿಂದ ನೋಡಿದವರಿಗೆ ದೃಷ್ಟಿ ಲಿಂಗದ ಮೇಲೆ, ಹತ್ತಿರದಿಂದ ನೋಡಿದ ಆಯಿಗೆ ಮಾತ್ರ ನಿಜ ಗೊತ್ತು.

"ಲಿಂಗದ ಕೆಳಗ ಲೆಕ್ಕದ ಪುಸ್ತಕ ಇಟ್ಟೀಯಲ್ಲ, ಶಿವ ಮೆಚ್ತಾನೇನ?" ಎಂದು ಆಯಿ ಪಿಸುಗುಟ್ಟಿದಳು.

"ಇಷ್ಟು ದೊಡ್ಡ ಸಂಸಾರ ಶಿವ ಲೆಕ್ಕ ಇಲ್ದೇ ನಡಸ್ತಾನೇನ್ರಿ ಅತ್ತಿ? ಓದೂ ಒಂದು ಕಾಯಕನೇ. ಬಾಗಲದಾಗ ಕುಂದ್ರಿ ನೀವು."

ಆಯಿ ಬಾಗಿಲಲ್ಲಿ ಕಾವಲು ಕೂತಳು. ಕಾವಲು ಕೂತ ಆಯಿ ಸುಮ್ಮನಿರುತ್ತಾಳೆಯೇ? ಬಂದವರಿಗೆಲ್ಲ ಸೊಸೆಯ ಭಕ್ತಿಯನ್ನು ಬಣ್ಣಿಸಿದಳು. "ನೀರು ಸುದ್ದಾ ಮುಟ್ಟಲ್ಲ ನೋಡ್ರಿ. ಕಣ್ಣು ಪಿಳುಕಿಸಲ್ಲ. ಬಾಯಾಗ ಮಂತ್ರ ನಡದೇ ಇರ್ತದ." ಕಾಕು ಸೂತ್ರ ಗಟ್ಟಿ ಮಾಡುತ್ತಿದ್ದಳು, ಮಂತ್ರವೆಲ್ಲಿಂದ ಬರಬೇಕು? ಮೊದಲ ದಿನ ಶರಣಮ್ಮ ಹೊಸ್ತಿಲಿಗೆ ಕೈ ಮುಗಿದು ಹೋದಳು. ಮರುದಿನ ಓಣಿಯ ಹೆಂಗಸರು ಬಂದರು. ಭಾನುವಾರ ನಾನು ಹೋದಾಗ ಊರಿನ ಹಿರಿಯರೊಬ್ಬರು ರುಮಾಲು ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಕೂತಿದ್ದರು.

"ಯವ್ವಾ, ನಿನ್ನ ಬಾಯಿಂದ ಒಂದು ಮಾತು ಬರಲಿ. ಮಳಿ ಬರ್ತದೋ ಇಲ್ಲೋ?"

ಕಾಕು ಆಗ ವರ್ಗ ಸಮೀಕರಣದ ಸೂತ್ರದ ನಡುವಿನಲ್ಲಿ ಸಿಕ್ಕಿಬಿದ್ದಿದ್ದಳು. ಕಣ್ಣು ಮುಚ್ಚಿ, ಅದನ್ನೇ ನೆನಪಿಸಿಕೊಳ್ಳುತ್ತ, ಗಟ್ಟಿಯಾಗಿ ಅಂದಳು: "ಪ್ಲಸ್ ಆರ್ ಮೈನಸ್."

ಹಿರಿಯರು ನನ್ನ ಕಡೆ ತಿರುಗಿದರು. ನಾನು ವಿಜ್ಞಾನದ ವಿದ್ಯಾರ್ಥಿನಿ, ಸುಳ್ಳು ಹೇಳುವುದು ಹೇಗೆ? "ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂತ ಅರ್ಥ ರೀ" ಎಂದೆ. ಅವರು ತಲೆದೂಗಿದರು. ಹವಾಮಾನ ಇಲಾಖೆಯವರೂ ಇಷ್ಟು ಖಚಿತವಾಗಿ ಹೇಳಿರಲಿಲ್ಲವಂತೆ.

ಅದೇ ಸಂಜೆ ನಾಲ್ಕು ಹನಿ ಬಿತ್ತು ನೋಡಿ! ಕಟ್ಟೆಯ ಮೇಲಿನ ಧೂಳು ಒದ್ದೆಯಾಗುವಷ್ಟು, ಹಗ್ಗದ ಮೇಲಿನ ಬಟ್ಟೆ ಎಳೆದುಕೊಳ್ಳುವಷ್ಟು. ಬೆಳೆಗೆ ಅದರಿಂದ ಏನೂ ಆಗಲಿಲ್ಲ. ಕಾಕುವಿಗೆ ಮಾತ್ರ ಆಗಬಾರದ್ದೆಲ್ಲ ಆಯಿತು. ಮರುದಿನದಿಂದ ಕಾಯಿ ಹಿಡಿದು ಬರುವವರೇನು, ಕಾಲಿಗೆ ಬೀಳುವವರೇನು, ಮಗನ ಮದುವೆ ಎಂದು ಆಗುತ್ತದೆ ಎಂದು ಕೇಳುವವರೇನು. ಬಂದವರಿಗೆ ಚಹಾ ಮಾಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಮಾಡುವವಳು ಅನುಷ್ಠಾನಕ್ಕೆ ಕೂತ ಕಾಕುವೇ. ಕಡೆಗೊಂದು ದಿನ ಆಕೆ ಎದ್ದು ನಿಂತು, ವಿಭೂತಿ ಒರೆಸಿಕೊಂಡು, "ದೇವರಾಗೋದು ಭಾಳ ತ್ರಾಸಿನ ಕೆಲಸ. ಅದಕ್ಕಿಂತ ಹತ್ತನೇದೇ ಸಸಾರ" ಎಂದು ಘೋಷಿಸಿದಳು.

ಆಮೇಲೆ ಉಳಿದದ್ದು ಅಡುಗೆಮನೆ. ಕಾಕು ರೊಟ್ಟಿ ಬಡಿಯುತ್ತ ಸೂತ್ರ ಹೇಳತೊಡಗಿದಳು. ಎ ಪ್ಲಸ್ ಬಿ, ಟಪ್. ಹೋಲ್ ಸ್ಕ್ವೇರ್, ಟಪ್. ರೊಟ್ಟಿ ದುಂಡಗಾಗುವಷ್ಟರಲ್ಲಿ ಸೂತ್ರ ಬಾಯಿಗೆ ಬರುತ್ತಿತ್ತು. ಒಲೆಯ ಪಕ್ಕ ಕೂತ ಆಯಿಯ ಬಾಯಿಗೂ ಬಂತು. ಒಂದು ದಿನ ನೀರಿನ ಟ್ಯಾಂಕರ್ ಸಾಲಿನಲ್ಲಿ ಯಾರೋ ಗಟ್ಟಿಗಿತ್ತಿ ಆಯಿಯ ಕೊಡ ಹಿಂದೆ ಸರಿಸಿದಳು. ಆಯಿ ಸೊಂಟಕ್ಕೆ ಕೈಕೊಟ್ಟು, ಆಕೆಯ ಮುಖಕ್ಕೆ ಮುಖ ತಂದು, ಇದ್ದ ಬಲವನ್ನೆಲ್ಲ ಹಾಕಿ "ಎ ಪ್ಲಸ್ ಬಿ ಹೋಲ್ ಸ್ಕ್ವೇರ್!" ಎಂದು ಕೂಗಿದಳು. ಇಂಗ್ಲಿಷಿನಲ್ಲಿ ಇಷ್ಟು ದೊಡ್ಡ ಬೈಗುಳ ಇರುತ್ತದೆಂದು ಗಟ್ಟಿಗಿತ್ತಿಗೆ ಗೊತ್ತಿರಲಿಲ್ಲ ಪಾಪ, ತಾನೇ ಆಯಿಯ ಕೊಡ ತುಂಬಿಸಿ ತಲೆಯ ಮೇಲೆ ಹೊರಿಸಿ ಕಳಿಸಿದಳು.

ಹೀಗೆ ನಗುನಗುತ್ತಲೇ ದೀಪಾವಳಿ ಬಂತು. ಹಿಂಗಾರಿಯೂ ಕೈಕೊಟ್ಟಿತ್ತು. ಹಬ್ಬದ ಮರುವಾರದಿಂದ ಓಣಿಯ ಬಾಗಿಲುಗಳಿಗೆ ಒಂದೊಂದೇ ಕೀಲಿ ಬೀಳತೊಡಗಿತು. ಈ ಸಲದವು ಯಾರೂ ಹಿಂದಿನ ಗೋಡೆ ಹತ್ತಿ ಒಳಗೆ ಬರುವ ಕೀಲಿಗಳಲ್ಲ. ಅಂಥದ್ದೇ ಒಂದು ಬೆಳಗ್ಗೆ ಕಾಕು ಪೂಜೆಗೆ ಕೂತಿದ್ದಳು. ಈ ಸಲ ಖರೇ ಪೂಜೆ, ಮುಗಿದ ಮೇಲೆ ಓದಬೇಕೆಂಬ ಅವಸರ ಬೇರೆ. ಶರಣಮ್ಮ ಬಂದು ಪಡಸಾಲೆಯಲ್ಲಿ ಕೂತಳು. ಆಯಿ ಹಿತ್ತಲಲ್ಲಿದ್ದಳು. ಮಾತಿಗೆ ಬಂದಿದ್ದಾಳೆ, ಕಣ್ಣು ತೆರೆದರೆ ಈ ಬೆಳಗೂ ಕೆಟ್ಟಿತು ಎಂದುಕೊಂಡು ಕಾಕು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಎಂದೂ ಕೂರಲು ಪುರಸೊತ್ತಿಲ್ಲದ ಶರಣಮ್ಮ ಅವತ್ತು ಬಹಳ ಹೊತ್ತು ಕೂತಳು. ಒಂದು ಮಾತೂ ಆಡದೆ ಎದ್ದು ಹೋದಳು. ಮಧ್ಯಾಹ್ನ ನೋಡಿದರೆ ಎದುರು ಮನೆಗೂ ಕೀಲಿ ಬಿದ್ದಿತ್ತು. ಎಮ್ಮೆಯ ಗೂಟ ಬರಿದಾಗಿತ್ತು.

ಆ ಭಾನುವಾರ ನಾನು ಹೋದಾಗ ಓಣಿಯಲ್ಲಿ ನನ್ನ ಚಪ್ಪಲಿಯ ಸಪ್ಪಳ ನನಗೇ ಕೇಳಿಸುತ್ತಿತ್ತು. ಓದಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಕೂಗುವ ಎಮ್ಮೆ ಇಲ್ಲ, ಚಹಾಕ್ಕೆ ಬರುವವರಿಲ್ಲ, ಟ್ಯಾಂಕರಿನ ಸಾಲಿನಲ್ಲಿ ಜಗಳವಿಲ್ಲ. ಕಾಕು ಪುಸ್ತಕ ಬಿಚ್ಚಿಕೊಂಡು ಬಾಗಿಲಿಗೆ ಎದುರಾಗಿ ಕೂತಿದ್ದಳು. ಕಣ್ಣು ಎದುರು ಮನೆಯ ಕೀಲಿಯ ಮೇಲಿತ್ತು. ಒಂದು ಲೆಕ್ಕವೂ ಆಗಿರಲಿಲ್ಲ.

"ಕಾಕು, ಯಾಕ?" ಎಂದೆ.

"ಹೋಗಿ ಬರ್ತೇನಿ ಅಂತ ಹೇಳ್ಲಾಕ ಬಂದಿದ್ದಳು, ಬಾಯಿ. ನಾ ಕಣ್ಣು ತೆರೀಲಿಲ್ಲ."

ಅಳಲಿಲ್ಲ. ಸ್ವಲ್ಪ ಹೊತ್ತು ಪುಸ್ತಕದ ಅಂಚು ಮಡಚಿದಳು, ಬಿಡಿಸಿದಳು. ಆಮೇಲೆ ಒಳಗೆ ತಿರುಗಿ, ನಾನು ಕನಸಿನಲ್ಲೂ ಕೇಳುತ್ತೇನೆಂದು ಎಣಿಸದ ಮಾತೊಂದನ್ನು ಆಡಿದಳು: "ಅತ್ತಿ, ಇಲ್ಲಿ ಬಂದು ಕುಂದ್ರಿ. ಏನಾರೆ ಮಾತಾಡ್ರಿ. ಇಷ್ಟು ಸಪ್ಪಳಿಲ್ದೇ ಇದ್ರ ನನಗ ಓದ್ಲಾಕ ಆಗಲ್ಲ."

ಆಯಿ ಬಂದು ಕೂತಳು. ಮಾತಾಡು ಅಂದರೆ ಯಾರ ಬಗ್ಗೆ ಮಾತಾಡುವುದು? ಆಡಿಕೊಳ್ಳಲು ಊರಿನಲ್ಲಿ ಜನವೇ ಇರಲಿಲ್ಲ. ಸ್ವಲ್ಪ ಯೋಚಿಸಿ, ಹೋದವರ ಮನೆಗಳನ್ನೇ ಒಂದು ಕಡೆಯಿಂದ ಹಿಡಿದಳು. ಯಾವ ಮನೆಗೆ ಯಾವ ಊರಿನಿಂದ ಸೊಸೆ ಬಂದಳು, ಯಾರ ಮದುವೆಯಲ್ಲಿ ಹುಗ್ಗಿ ಸೀದಿತು, ಶರಣಮ್ಮ ಹೊಸದಾಗಿ ಬಂದಾಗ ಎಷ್ಟು ಮೂಗಿಯಾಗಿದ್ದಳು. ಆಯಿ ಹೇಳುತ್ತ ಹೋದಳು, ಕಾಕು ಲೆಕ್ಕ ಬಿಡಿಸುತ್ತ ಹೋದಳು. ಚಳಿಗಾಲವೆಲ್ಲ ಹೀಗೇ ಕಳೆಯಿತು.

ಮಾರ್ಚ್ ತಿಂಗಳಲ್ಲಿ ಪರೀಕ್ಷೆ. ಕೇಂದ್ರ ಔರಾದ. ಬಾಗಿಲಲ್ಲಿ ನಿಂತ ಮೇಲ್ವಿಚಾರಕರು ಕಾಕುವನ್ನು ತಡೆದರು. "ತಾಯಂದಿರು ಹೊರಗ ಗಿಡದ ಕೆಳಗ ಕುಂದ್ರಬೇಕ್ರಿ. ಯಾರ ತಾಯಿ ನೀವು?"

"ನನ್ನ ತಾಯಿ ಭಾಲ್ಕ್ಯಾಗ ಇದ್ದಾಳ್ರಿ. ಆಕಿ ಮಗಳು ನಾನು, ಬರೀಲಾಕ ಬಂದೀನಿ" ಎಂದು ಕಾಕು ಹಾಲ್ ಟಿಕೆಟ್ ತೋರಿಸಿ ಒಳಗೆ ನಡೆದಳು. ಗಣಿತದ ದಿನ ಸೂತ್ರ ಮರೆತಾಗ ಬೆಂಚಿನ ಮೇಲೆ ಮೆಲ್ಲಗೆ ರೊಟ್ಟಿ ಬಡಿದಳಂತೆ. ಪಕ್ಕದ ಹುಡುಗಿ ಗಾಬರಿಯಾಗಿ ದೂರ ಸರಿದು ಕೂತಳಂತೆ.

ಕಾಕು ಪಾಸಾದಳು. ಗಣಿತದಲ್ಲಿ ಬಂದ ಅಂಕಗಳನ್ನು ನಾನು ಇಲ್ಲಿ ಹೇಳಿದರೆ ಬಾಯಿಯ ಮರ್ಯಾದೆ ಹೋಗುತ್ತದೆ. ಅಂಗನವಾಡಿಯ ಜಾಗಕ್ಕೆ ಊರಿನಿಂದ ಬಂದ ಅರ್ಜಿ ಆಕೆಯದೊಂದೇ. ಹತ್ತನೆಯದು ಪಾಸಾದ ಉಳಿದ ಹೆಣ್ಣುಮಕ್ಕಳೆಲ್ಲ ಪುಣೆ, ಹೈದರಾಬಾದಿನಲ್ಲಿದ್ದರು. ಕೆಲಸ ಸಿಕ್ಕ ಸಂಭ್ರಮದಲ್ಲೂ ಕಾಕುವಿಗೆ ಅದೊಂದು ಬೇಸರವಿತ್ತು. "ಯಾರಿಗರ ಸೋಲಿಸಿ ಗೆದ್ದಿದ್ರ ಚಂದಿತ್ತು" ಎನ್ನುತ್ತಿದ್ದಳು.

ಮರುವರ್ಷ ಮಳೆಗೂ ಬುದ್ಧಿ ಬಂತು. ಮೃಗಶಿರಾ ಚೆನ್ನಾಗಿ ಹಿಡಿಯಿತು. ಕಾಕಾ ಪುಣೆಯ ಗೇಟು ಬಿಟ್ಟು ಬಂದು ಕೊಳಾರದ ಗೋಡೌನೊಂದರಲ್ಲಿ ಕೆಲಸಕ್ಕೆ ಸೇರಿದ. ಆ ಹೊಸದರಲ್ಲಿ ಒಂದು ಭಾನುವಾರ ನಾನು ಸಂತಪುರಕ್ಕೆ ಹೋಗಿದ್ದೆ. ಕಾಕು ಪಡಸಾಲೆಯಲ್ಲಿ ಅಂಗನವಾಡಿ ತರಬೇತಿಯ ಪುಸ್ತಕ ಹಿಡಿದು ಕೂತಿದ್ದಳು. ಆ ವಾರವೇ ಬೀದರದಲ್ಲಿ ಪರೀಕ್ಷೆಯಿತ್ತು, ಓದುವುದು ಬೆಟ್ಟದಷ್ಟಿತ್ತು. ಕಂಬಕ್ಕೆ ಒರಗಿ ಕಾಕಾ ಕೂತಿದ್ದ. ನಮ್ಮ ಕಾಕಾನದು ಮೊದಲಿನಿಂದ ಮಾತು ಕಡಿಮೆ. ಅವತ್ತು ಮಾತ್ರ ಅವನ ಬಾಯಿ ನಿಲ್ಲಲೇ ಇಲ್ಲ. ಕಟ್ಟಡದಲ್ಲಿದ್ದ ಒಂದು ಬೆಕ್ಕಿನ ಕಥೆ, ಲಿಫ್ಟು ಕೆಟ್ಟ ಕಥೆ, ಯಾರೋ ಸಾಹೇಬರ ಛತ್ರಿ ಕಳೆದ ಕಥೆ. ಒಂದಕ್ಕೂ ತಲೆಯಿಲ್ಲ, ಬುಡವಿಲ್ಲ. ನಡುವೆ ಒಮ್ಮೆ ತಾನೇ ನಕ್ಕು ಅಂದ: "ಅಲ್ಲಿ ಇರೋತನಕ 'ಗೇಟ್ ಖೋಲೋ' ಅನ್ನೋದೊಂದು ಬಿಟ್ರ ನನ್ನ ಸಂಗಟ ಯಾರೂ ಮಾತಾಡಿಲ್ಲ ನೋಡು."

ನಾನು ಕಾಕುವಿನ ಮುಖ ನೋಡುತ್ತಿದ್ದೆ. ಓದುವಾಗ ಮಾತಾಡಿದವರಿಗೆ ಆಕೆ ಏನು ಮಾಡುತ್ತಾಳೆಂದು ನನಗೆ ಗೊತ್ತಿತ್ತು. ಈಗ ಕೀಲಿ ತರುತ್ತಾಳೋ, ವಿಭೂತಿ ಹಚ್ಚುತ್ತಾಳೋ ಎಂದು ಕಾದೆ.

ಕಾಕು ಪುಸ್ತಕ ಮುಚ್ಚಿ ಬದಿಗಿಟ್ಟಳು. ಕಾಲು ಚಾಚಿ ಆರಾಮಾಗಿ ಕೂತಳು.

"ಹೂಂ, ಹೇಳ್ರಿ" ಎಂದಳು, "ಆ ಬೆಕ್ಕಿಂದು ಆಮ್ಯಾಲ ಏನಾಯ್ತು?"